ಕೋಚಿಂಗ್, ಅರ್ಜಿ, ಕೆಲಸ: ಮೂರನ್ನೂ ಒಂದೇ ಏಜೆನ್ಸಿಯ ಕೈಗೆ ಕೊಡಬೇಡಿ

ಅಮೆರಿಕದಲ್ಲಿ ನರ್ಸ್ ಆಗಲು ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಗೆ ತಯಾರಾಗುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನನ್ನು ಸತಾಯಿಸಿದ ಏಜೆನ್ಸಿಯ ಹೆಸರು ಹಾಕುತ್ತಿಲ್ಲ. ಹೆಸರಿಗಿಂತ ಅವರು ಕೆಲಸ ಮಾಡುವ ರೀತಿ ಗೊತ್ತಾಗುವುದು ಮುಖ್ಯ.

ಅವರದ್ದು ಪೂರ್ತಿ ಪ್ಯಾಕೇಜ್. ಕೋಚಿಂಗ್ ಅವರದೇ, ಅರ್ಜಿ ತುಂಬುವುದೂ ಅವರೇ, ಪಾಸಾದ ಮೇಲೆ ಆಸ್ಪತ್ರೆ ಹುಡುಕಿಕೊಡುವುದೂ ಅವರೇ. ನೈಟ್ ಡ್ಯೂಟಿ ಮಾಡಿಕೊಂಡು ಓದುವವರಿಗೆ ಇದು ದೊಡ್ಡ ಅನುಕೂಲ ಅನ್ನಿಸುತ್ತದೆ ಅಲ್ವಾ? ಅರ್ಜಿಯ ಕೆಲಸ ನಿಜಕ್ಕೂ ತಲೆನೋವು. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಮತ್ತು ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣವನ್ನು ನಾವೇ ತೆಗೆದುಕೊಂಡು ಕಳಿಸಿದರೆ ನಡೆಯುವುದಿಲ್ಲ. ಅವು ಅಲ್ಲಿಂದಲೇ ನೇರವಾಗಿ ಪರಿಶೀಲನೆ ಮಾಡುವ ಸಂಸ್ಥೆಗೆ ಹೋಗಬೇಕು. ಹಾಗಾಗಿ ಯಾರದಾದರೂ ಸಹಾಯ ಬೇಕೇ ಬೇಕು ಅನ್ನಿಸುವುದು ಸಹಜ.

ಆದರೆ ಪರೀಕ್ಷೆಯ ಖಾತೆಯನ್ನು ಅವರು ತಮ್ಮ ಇಮೇಲ್, ತಮ್ಮ ಫೋನ್ ನಂಬರ್ ಹಾಕಿ ತೆರೆದರು. "ನೀವು ಓದಿ ಮೇಡಂ, ಉಳಿದದ್ದು ನಮಗೆ ಬಿಡಿ" ಅಂದರು. ಮುಂದಿನ ಎಲ್ಲ ತೊಂದರೆಯೂ ಈ ಒಂದು ವಿಷಯದಿಂದಲೇ ಬಂತು.

ಅರ್ಜಿ ಒಪ್ಪಿಗೆಯಾದ ಮೇಲೆ ಪರೀಕ್ಷೆ ಬರೆಯಲು ಎಟಿಟಿ ಎಂಬ ಅನುಮತಿ ಪತ್ರ ಇಮೇಲ್‌ನಲ್ಲಿ ಬರುತ್ತದೆ. ಅದರ ಅವಧಿ ಸಾಮಾನ್ಯವಾಗಿ 90 ದಿನ. ಯಾವ ಕಾರಣ ಹೇಳಿದರೂ ಅದನ್ನು ಮುಂದೂಡುವುದಿಲ್ಲ. ಅಷ್ಟರೊಳಗೆ ಬರೆಯದಿದ್ದರೆ ಹೊಸದಾಗಿ ನೋಂದಾಯಿಸಿ ಮತ್ತೆ 200 ಡಾಲರ್ ಕಟ್ಟಬೇಕು. ಅಮೆರಿಕದ ಹೊರಗೆ ಬರೆಯುವವರು ಅದರ ಮೇಲೆ 150 ಡಾಲರ್ ಮತ್ತು ತೆರಿಗೆ ಕೊಡಬೇಕು. ನನ್ನ ಎಟಿಟಿ ಏಜೆನ್ಸಿಯ ಇಮೇಲ್‌ನಲ್ಲೇ ಕೂತಿತ್ತು. ಅವಧಿ ಮುಗಿಯುತ್ತಾ ಬಂದಾಗ ಫೋನ್ ಮಾಡಿ, ಅವರೇ ಗೊತ್ತು ಮಾಡಿದ ದಿನಾಂಕ ಹೇಳಿದರು.

ಪರೀಕ್ಷಾ ಕೇಂದ್ರದಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಪೂರ್ತಿ ಇದೆ. ಅವರು ಅರ್ಜಿಯಲ್ಲಿ ಇನಿಶಿಯಲ್ ಮಾತ್ರ ಹಾಕಿದ್ದರು. ಎಟಿಟಿಯ ಹೆಸರು ಗುರುತಿನ ಚೀಟಿಯ ಹೆಸರಿಗೆ ಹೊಂದಲೇಬೇಕು. ಕೇಂದ್ರದವರ ತಪ್ಪೇನಿಲ್ಲ, ನಿಯಮ ಇರುವುದೇ ಹಾಗೆ. ಕಟ್ಟಿದ ಹಣ ಹೋಯಿತು. ನಮ್ಮಲ್ಲಿ ಇನಿಶಿಯಲ್ ಇರುವವರೇ ಜಾಸ್ತಿ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಅರ್ಜಿ ಯಾರೇ ತುಂಬಲಿ, ಸಲ್ಲಿಸುವ ಮೊದಲು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಅಕ್ಷರ ನೋಡಿ.

ಕೋಚಿಂಗ್ ವಿಷಯಕ್ಕೆ ಬರುತ್ತೇನೆ. ಕ್ಲಾಸಿನಲ್ಲಿ ಕಲಿಸಿದ್ದು ಕಡಿಮೆ. "ಹೋದ ತಿಂಗಳು ಬಂದ ಪ್ರಶ್ನೆಗಳು" ಅಂತ ಪಿಡಿಎಫ್ ಕೊಟ್ಟು, ಅದಕ್ಕೆ ಬೇರೆ ದುಡ್ಡು ತೆಗೆದುಕೊಂಡರು. ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವುದು, ಹಂಚುವುದು ನಿಷಿದ್ಧ. ಸಿಕ್ಕಿಬಿದ್ದರೆ ಫಲಿತಾಂಶವೇ ರದ್ದಾಗಬಹುದು. ಅಷ್ಟು ರಿಸ್ಕ್ ತೆಗೆದುಕೊಂಡರೂ ಲಾಭವಿಲ್ಲ. ನಾವು ಕೊಡುವ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಐದು ಗಂಟೆಯ ಅವಧಿ, ಕನಿಷ್ಠ 85, ಗರಿಷ್ಠ 150 ಪ್ರಶ್ನೆ. 2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿಗಳೂ ಸೇರಿವೆ. ಉದಾಹರಣೆಗೆ, ಡಿಗಾಕ್ಸಿನ್ (ಹೃದಯದ ಔಷಧಿ) ಮತ್ತು ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ಔಷಧಿ) ತೆಗೆದುಕೊಳ್ಳುತ್ತಿರುವ ರೋಗಿಗೆ ವಾಕರಿಕೆ, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುತ್ತಿದೆ, ರಕ್ತದ ಪೊಟ್ಯಾಸಿಯಂ 2.9, ಅಂದರೆ ಕಡಿಮೆ. ಇದರಲ್ಲಿ ಯಾವುದು ಅಪಾಯದ ಸೂಚನೆ, ಮೊದಲು ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಡಿಗಾಕ್ಸಿನ್ ನಿಲ್ಲಿಸಿ, ನಾಡಿ ನೋಡಿ, ಡಾಕ್ಟರಿಗೆ ತಿಳಿಸಬೇಕು. ಯಾಕೆ ಅನ್ನುವುದು ತಿಳಿಯದವರು ಸಾವಿರ ಪ್ರಶ್ನೆ ಬಾಯಿಪಾಠ ಮಾಡಿದರೂ ಇಲ್ಲಿ ತಡವರಿಸುತ್ತಾರೆ. ನನಗೆ ಉಪಯೋಗಕ್ಕೆ ಬಂದಿದ್ದು ಒಂದು ಒಳ್ಳೆಯ ಪ್ರಶ್ನೆ ಬ್ಯಾಂಕ್, ಮತ್ತು ತಪ್ಪಾದ ಪ್ರತಿ ಉತ್ತರದ ವಿವರಣೆ ಓದಿದ್ದು. ಅದಕ್ಕೆ ಏಜೆನ್ಸಿ ಬೇಕಿರಲಿಲ್ಲ.

ಹೊಸದಾಗಿ ಹಣ ಕಟ್ಟಿ ಬರೆದೆ, ಪಾಸಾದೆ. ಆಗ ಅವರ ನಿಜವಾದ ಮುಖ ಕಂಡಿತು. ಲೈಸೆನ್ಸ್‌ನ ಪತ್ರಗಳೆಲ್ಲ ಅವರ ಇಮೇಲ್‌ಗೆ ಹೋಗುತ್ತಿದ್ದವು. ಪಾಸ್‌ವರ್ಡ್ ಕೇಳಿದರೆ, ಮೊದಲು ಕೆಲಸದ ಕರಾರಿಗೆ ಸಹಿ ಮಾಡಿ ಅಂದರು. ಆ ಕರಾರಿನಲ್ಲಿ ಆಸ್ಪತ್ರೆಯ ಹೆಸರಿಲ್ಲ, ಯಾವ ರಾಜ್ಯ ಅಂತ ಇಲ್ಲ, ಗಂಟೆಗೆ ಎಷ್ಟು ಸಂಬಳ ಅಂತಲೂ ಇಲ್ಲ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಕಟ್ಟಬೇಕಾದ ದಂಡ ಮಾತ್ರ ದಪ್ಪಕ್ಷರದಲ್ಲಿತ್ತು. ಇಂಥ ದಂಡ ಕಾನೂನಿನ ಮುಂದೆ ಯಾವಾಗಲೂ ನಿಲ್ಲುವುದಿಲ್ಲ. ಫಿಲಿಪೈನ್ಸ್‌ನಿಂದ ಹೋದ ನರ್ಸ್‌ಗಳು ಹಾಕಿದ ಕೇಸಿನಲ್ಲಿ, ಕೆಲಸ ಬಿಟ್ಟರೆ 25,000 ಡಾಲರ್‌ವರೆಗೆ ಕಟ್ಟಬೇಕೆಂಬ ಷರತ್ತು ಊರ್ಜಿತವಲ್ಲ ಎಂದು ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ 2019ರಲ್ಲಿ ಹೇಳಿದೆ. ಆದರೆ ಪರದೇಶದಲ್ಲಿ ಕೋರ್ಟು ಹತ್ತಿ ಗೆಲ್ಲುವುದಕ್ಕಿಂತ ಸಹಿ ಮಾಡದೇ ಇರುವುದು ಎಷ್ಟೋ ಸುಲಭ.

ಇನ್ನೊಂದು ಸುಳ್ಳು ಇದಕ್ಕಿಂತ ದೊಡ್ಡದು. "ಪಾಸಾದರೆ ಒಂದೂವರೆ ವರ್ಷದಲ್ಲಿ ಅಮೆರಿಕ" ಅನ್ನುತ್ತಾರೆ. ಹೆಚ್ಚಿನ ನರ್ಸ್‌ಗಳು ಹೋಗುವುದು ಇಬಿ-3 ಎಂಬ ಗ್ರೀನ್ ಕಾರ್ಡ್ ದಾರಿಯಲ್ಲಿ. ಅದರಲ್ಲಿ ಪ್ರತಿ ದೇಶಕ್ಕೂ ಮಿತಿ ಇದೆ. ಭಾರತದಲ್ಲಿ ಹುಟ್ಟಿದವರ ಸಾಲು ಬಹಳ ಉದ್ದ. 2025ರಲ್ಲಿ ಗ್ರೀನ್ ಕಾರ್ಡ್ ಸಿಗುತ್ತಿದ್ದುದು 2012-13ರಲ್ಲಿ ಸಾಲಿಗೆ ಸೇರಿದವರಿಗೆ. ಯಾರ ಸರದಿ ಬಂದಿದೆ ಎಂದು ತಿಳಿಸುವ ವೀಸಾ ಬುಲೆಟಿನ್ ಅನ್ನು ಅಮೆರಿಕ ಸರ್ಕಾರ ಪ್ರತಿ ತಿಂಗಳು ಹೊರಡಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಗಲ್ಫ್‌ನಿಂದ ಅರ್ಜಿ ಹಾಕಿದರೆ ಬೇಗ ಆಗುತ್ತದೆ ಅಂತಲೂ ಹೇಳಿದರು. ಸುಳ್ಳು. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಈಗ ಕೆಲಸ ಮಾಡುವ ದೇಶ ಅಲ್ಲ. ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಮಾತ್ರ ಆ ದೇಶದ ಸಾಲಿನಲ್ಲಿ ಸೇರುವ ಅವಕಾಶ ಇದೆ.

ಇದು ಗೊತ್ತಿದ್ದೂ ಅವರು, ಹೊರದೇಶದ ನರ್ಸ್‌ಗಳು ವೀಸಾಕ್ಕೆ ತೋರಿಸಬೇಕಾದ ವೀಸಾಸ್ಕ್ರೀನ್ ಸರ್ಟಿಫಿಕೇಟ್‌ಗೆ ಈಗಲೇ ಹಣ ಕಟ್ಟಿ ಅಂತ ಒತ್ತಾಯ ಮಾಡಿದರು. ಅದರ ಅವಧಿ ಐದೇ ವರ್ಷ. ನಮ್ಮ ಸರದಿ ಬರುವಷ್ಟರಲ್ಲಿ ಅದು ಮುಗಿದು ಮತ್ತೆ ಖರ್ಚು ಬೀಳುತ್ತದೆ. ಇಂಗ್ಲಿಷ್ ಪರೀಕ್ಷೆಯ ಅಂಕಗಳ ಕಥೆಯೂ ಹಾಗೇ, ಸಾಮಾನ್ಯವಾಗಿ ಎರಡು ವರ್ಷ ಅಷ್ಟೇ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ ಅಂತಲೂ ಹೇಳಿದರು. ಅದನ್ನಂತೂ ಯಾರೂ ಮಾಡಬೇಡಿ. ಅಲ್ಲಿನ ಆಸ್ಪತ್ರೆಗಳು ಇತ್ತೀಚಿನ ವಾರ್ಡ್ ಅನುಭವ ಕೇಳುತ್ತವೆ.

ಈಗಾಗಲೇ ಇಂಥವರ ಕೈಗೆ ಸಿಕ್ಕಿಕೊಂಡಿದ್ದರೆ ಹೆದರಬೇಡಿ. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಮತ್ತು ನೀವು ಅರ್ಜಿ ಹಾಕಿದ ರಾಜ್ಯದ ನರ್ಸಿಂಗ್ ಬೋರ್ಡ್, ಎರಡಕ್ಕೂ ನಿಮ್ಮದೇ ಇಮೇಲ್‌ನಿಂದ ಬರೆಯಿರಿ. ಖಾತೆಯಲ್ಲಿರುವ ಇಮೇಲ್ ನನ್ನದಲ್ಲ, ಬದಲಿಸಿಕೊಡಿ ಅಂತ ಕೇಳಿ. ಗುರುತಿನ ದಾಖಲೆ ಕೇಳುತ್ತಾರೆ, ಕೊಡಿ. ನನ್ನ ಖಾತೆ ಸಿಕ್ಕಿದ್ದು ಹೀಗೆಯೇ. ಮೂಲ ಸರ್ಟಿಫಿಕೇಟ್‌ಗಳು ಅವರ ಬಳಿ ಇದ್ದರೆ ಬಾಯಿಮಾತಿನಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ, ಅದರ ಪ್ರತಿ ಇಟ್ಟುಕೊಳ್ಳಿ. ಪೊಲೀಸ್ ದೂರು ಕೊಡುತ್ತೇನೆ ಅಂತ ಬರೆದ ಮೇಲೆ ನನ್ನವು ವಾಪಸ್ ಬಂದವು.