ಅಡಿಕೆ ಕೊಳೆ: ಯಾವ ಪತ್ರಿಕೆಯನ್ನು ಯಾವುದಕ್ಕೆ ಓದಬೇಕು?

ಮಳೆಗಾಲ ಹತ್ತಿರವಾದರೆ ಶಿರಸಿ ಸೀಮೆಯ ಮನೆಗಳಿಗೆ ಬರುವ ಪತ್ರಿಕೆಗಳಲ್ಲೆಲ್ಲ ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಲೇಖನಗಳೇ. ಇದೊಂದೇ ವಿಷಯ ಹಿಡಿದು ಮೂರು ಬಗೆಯವನ್ನು ಅಕ್ಕಪಕ್ಕ ಇಟ್ಟು ಓದಿ ನೋಡಿದೆವು: ಕಾಸರಗೋಡಿನ ‘ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್’ನಂಥ ಸಂಶೋಧನಾ ಪತ್ರಿಕೆ, ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯಂಥ ಕೃಷಿಕರ ಪತ್ರಿಕೆ, ‘ಸುಧಾ’ದಂಥ ವಾರಪತ್ರಿಕೆ.

ಮುಖಪುಟ ನೋಡಿ ಪ್ರಯೋಜನವಿಲ್ಲ. ಸಂಶೋಧನಾ ಲೇಖನದ ಮೊದಲ ಪುಟದಲ್ಲಿ ಸಾರಾಂಶ, ಲೇಖಕರ ಸಂಸ್ಥೆ, ಎಷ್ಟೋ ಕಡೆ ಲೇಖನ ತಲುಪಿದ ಮತ್ತು ಒಪ್ಪಿಕೊಂಡ ದಿನಾಂಕ ಇರುತ್ತವೆ. ಕೊನೆಯಲ್ಲಿ ಆಕರಗಳ ಪಟ್ಟಿ. ಆ ಎರಡು ದಿನಾಂಕಗಳ ನಡುವೆ ಅದೇ ಕ್ಷೇತ್ರದ ಬಲ್ಲವರು ಓದಿ ತಿದ್ದಿಸಿರುತ್ತಾರೆ. ದುಡ್ಡು ಕಟ್ಟಿಸಿಕೊಂಡು ನಾಲ್ಕೇ ದಿನದಲ್ಲಿ ಒಪ್ಪಿಕೊಂಡಿದ್ದರೆ ಅನುಮಾನಪಡಿ. ನಿಜವಾದ ತಿರುಳು ‘ವಿಧಾನ’ದ ಭಾಗದಲ್ಲಿದೆ: ಎಷ್ಟು ಮರ, ಎಷ್ಟು ಸಲ ಸಿಂಪಡಣೆ, ಹೋಲಿಕೆಗೆ ಮದ್ದು ಹೊಡೆಯದೆ ಬಿಟ್ಟ ಮರಗಳು ಇದ್ದವೇ? ಇಲ್ಲದಿದ್ದರೆ ಕೊಳೆ ಕಡಿಮೆಯಾದದ್ದು ಮದ್ದಿನಿಂದಲೋ, ಆ ವರ್ಷ ಮಳೆ ಕಡಿಮೆ ಬಿದ್ದದ್ದರಿಂದಲೋ ಗೊತ್ತಾಗುವುದಿಲ್ಲ.

ಆದರೆ ಕೊಳೆಗೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣದ ಬಗ್ಗೆ ಅಲ್ಲಿ ‘ಶೇ 1ರ ಬೋರ್ಡೋ’ ಎಂದು ಒಂದೇ ಸಾಲು. ಅದನ್ನು ಬಿಡಿಸಿ ಹೇಳುವುದು ಕೃಷಿಕರ ಪತ್ರಿಕೆ: ಮೈಲುತುತ್ತ 1 ಕಿಲೋ 50 ಲೀಟರ್ ನೀರಿಗೆ, ಸುಣ್ಣ 1 ಕಿಲೋ ಇನ್ನೊಂದು 50 ಲೀಟರಿಗೆ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು, ತಿರುಗುಮುರುಗು ಮಾಡಬಾರದು. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಮದ್ದು ಹೊಡೆಯುವ ಕೊನೆಗೌಡನ ಕೈಗೆ ದೋಟಿ (ಉದ್ದನೆಯ ಕೋಲು) ಕೊಡುವ ಮುನ್ನ ಓದಬೇಕಾದದ್ದು ಇದನ್ನೇ. ಇಂಥ ಪತ್ರಿಕೆಗಳ ದೌರ್ಬಲ್ಯ ಎರಡು. ಒಬ್ಬರ ತೋಟದ ಅನುಭವ ಎಲ್ಲರಿಗೂ ಸೂತ್ರವಾಗಿಬಿಡುತ್ತದೆ. ಕೆಲವೊಮ್ಮೆ ಜಾಹೀರಾತೇ ಲೇಖನದ ವೇಷದಲ್ಲಿ ಬರುತ್ತದೆ. ಒಂದೇ ಕಂಪನಿಯ ಹೆಸರು ಮತ್ತೆ ಮತ್ತೆ ಬಂದು, ಬೇರೆ ಮದ್ದಿನ ಮಾತೇ ಇಲ್ಲದಿದ್ದರೆ ಪುಟದ ಮೂಲೆಯಲ್ಲಿ ‘ಜಾಹೀರಾತು’ ಎಂಬ ಸಣ್ಣಕ್ಷರ ಇದೆಯೇ ಹುಡುಕಿ.

ವಾರಪತ್ರಿಕೆಯದು ಚಿತ್ರ, ಬೆಳೆಗಾರರ ಗೋಳು, ಪರಿಹಾರದ ಸುದ್ದಿ. ಓದಲು ಸುಲಭ, ಆದರೆ ಅದನ್ನು ನೋಡಿ ಮದ್ದಿನ ಅಳತೆ ಹಾಕಬೇಡಿ.

ಐಎಸ್ಎಸ್ಎನ್ ಕಂಡು ಮೋಸಹೋಗುವವರೂ ಇದ್ದಾರೆ. ಎಂಟು ಅಂಕೆಯ ಆ ಸಂಖ್ಯೆ ಪತ್ರಿಕೆಯ ಬರೀ ಗುರುತು, ಗುಣಮಟ್ಟದ ಮುದ್ರೆಯಲ್ಲ. ಸಿನಿಮಾ ಪತ್ರಿಕೆಗೂ ಸಿಗುತ್ತದೆ. ಸಂಶೋಧನಾ ಪತ್ರಿಕೆಯಲ್ಲೇ ಬಂದ ಸಂಪಾದಕೀಯ, ಪುಸ್ತಕ ವಿಮರ್ಶೆಗಳೂ ಸಾಮಾನ್ಯವಾಗಿ ಪರಿಶೀಲನೆಗೆ ಒಳಪಟ್ಟವಲ್ಲ. ಇನ್ನು ಕೃಷಿಕರ ಪತ್ರಿಕೆ, ವಾರಪತ್ರಿಕೆಗಳಲ್ಲಿ ‘ಸಂಶೋಧನೆಯಿಂದ ಸಾಬೀತು’ ಎಂದಿದ್ದರೆ ಯಾರದು, ಯಾವ ವರ್ಷದ್ದು, ಎಲ್ಲಿ ಅಚ್ಚಾದದ್ದು ಎಂದು ನೋಡಿ. ಮೂರೂ ಇದ್ದರೆ ಬರೆದುಕೊಂಡು ಶಿರಸಿಯ ಅರಣ್ಯ ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಒಂದೂ ಇಲ್ಲದಿದ್ದರೆ ಆ ಮಾತು ನಂಬಿ ಮದ್ದು ಬದಲಿಸಬೇಡಿ.