ಹರಾಜೋ, ಸ್ನೇಕ್ ಡ್ರಾಫ್ಟೋ: ಎಂಟು ಗೆಳೆಯರ ಐಪಿಎಲ್ ಫ್ಯಾಂಟಸಿ ಲೀಗಿಗೆ ಯಾವುದು ಒಳ್ಳೆಯದು?

ಫ್ಯಾಂಟಸಿ ಲೀಗ್ ಎಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರು ಪಂದ್ಯಗಳಲ್ಲಿ ಆಡಿದ್ದಕ್ಕೆ ತಕ್ಕಂತೆ ಅಂಕ ಎಣಿಸುವ ಆಟ. ಐಪಿಎಲ್ ಶುರುವಾಗುವ ಮುಂಚೆ ಎಂಟು ಗೆಳೆಯರು ಒಂದು ಕಡೆ ಸೇರಿ ಆಟಗಾರರನ್ನು ಹಂಚಿಕೊಳ್ಳಲು ದಾರಿ ಎರಡು. ಒಂದು ಸ್ನೇಕ್ ಡ್ರಾಫ್ಟ್. ಸರದಿಯಂತೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತ ಹೋಗುತ್ತಾರೆ, ಎಂಟನೆಯವರಿಗೆ ಮುಟ್ಟಿದ ಮೇಲೆ ಸರದಿ ಹಾವಿನಂತೆ ತಿರುಗಿ ಹಿಂದಕ್ಕೆ ಬರುತ್ತದೆ. ಇನ್ನೊಂದು ಹರಾಜು, ನಮ್ಮ ಕಡೆಯ ಮಾತಿನಲ್ಲಿ ಏಲಂ. ಎಲ್ಲರಿಗೂ ಒಂದೇ ಮೊತ್ತದ ಪರ್ಸ್, ಹೆಚ್ಚು ಕೂಗಿದವರಿಗೆ ಆಟಗಾರ. ಮಂಗಳೂರು, ಉಡುಪಿ ಕಡೆ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟಿನ ಆಟಗಾರರ ಬಿಡ್ಡಿಂಗ್ ನೋಡಿದವರಿಗೆ ಇದರ ಬಿಸಿ ಎಂಥದ್ದೆಂದು ಹೇಳಬೇಕಾಗಿಲ್ಲ.

ಎರಡನ್ನೂ ಆಡಿಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಮುಖ ನೋಡಿಕೊಂಡು ಆಡಲೆಂದೇ ಸೇರುವುದಾದರೆ ಹರಾಜೇ ಮೇಲು. ಸ್ನೇಕ್ ಡ್ರಾಫ್ಟನ್ನು ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಮುಗಿಸಬಹುದು, ಎದುರಿನವರ ಮುಖ ನೋಡಿ ಇನ್ನೊಂದು ಕೋಟಿ ಏರಿಸುವುದೋ ಬಿಡುವುದೋ ಎಂದು ಅಳೆಯುವ ಸುಖ ಅಲ್ಲಿಲ್ಲ. ಆದರೆ ಹರಾಜಿಗೆ ಎರಡು ಬೇಕೇಬೇಕು: ತಾವು ತಂಡ ಕಟ್ಟದೆ ಏಲಂ ಕೂಗಿಕೊಡುವ ಒಬ್ಬರು, ಮತ್ತು ನಾಲ್ಕು ಗಂಟೆ ಬಿಡುವು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಸ್ನೇಕ್ ಡ್ರಾಫ್ಟೇ ಸರಿ.

ಇಲ್ಲಿ ಹೇಳುತ್ತಿರುವುದು ಅಂಕಕ್ಕೆ ಮಾತ್ರ ಆಡುವ ಆಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಿಂದ ದುಡ್ಡು ಕಟ್ಟಿ ಆಡುವ ಆ್ಯಪ್ ಸ್ಪರ್ಧೆಗಳು ನಿಂತಿವೆ. ಗೆಳೆಯರ ಕೂಟದಲ್ಲೂ ದುಡ್ಡು ಕಟ್ಟುವ ಮಾತು ಬೇಡ. ಊಟದ ಖರ್ಚು ಎಂಟು ಪಾಲು ಮಾಡಿದರೆ ಸಾಕು.

ಮೊದಲು ತಲೆಲೆಕ್ಕ

ಯಾವ ಪದ್ಧತಿಯೇ ಆಗಲಿ, ಒಬ್ಬರಿಗೆ ಎಷ್ಟು ಆಟಗಾರರು ಎಂಬಲ್ಲೇ ಹೆಚ್ಚಿನ ಲೀಗ್‌ಗಳು ಎಡವುವುದು. ಐಪಿಎಲ್‌ನ 10 ತಂಡಗಳಲ್ಲಿ ತಲಾ 25ರವರೆಗೆ ಆಟಗಾರರಿರಬಹುದು, ಆದರೆ ಒಂದು ಪಂದ್ಯದಲ್ಲಿ ಆಡುವುದು 11 ಮಂದಿ ಮತ್ತು ಪಂದ್ಯದ ನಡುವೆ ಬದಲಿಯಾಗಿ ಇಳಿಯುವ ಇಂಪ್ಯಾಕ್ಟ್ ಪ್ಲೇಯರ್. ತಂಡಕ್ಕೆ 12 ಎಂದರೆ ಖಾಯಂ ಆಡುವವರು ಒಟ್ಟು 120 ಮಂದಿ. ಎಂಟು ಜನರಿಗೆ ತಲಾ 15 ಎಂದಿಟ್ಟರೆ ಅದೂ ಸರಿಯಾಗಿ 120. ಕಡೆಯ ಸುತ್ತುಗಳಲ್ಲಿ ಬೆಂಚಿನ ಮೇಲೆ ಕೂರುವವರ ಹೆಸರನ್ನು ಹುಡುಕಿ ಹುಡುಕಿ ಹೇಳಬೇಕಾಗುತ್ತದೆ, ಕೋಣೆಯಲ್ಲಿ ಆಕಳಿಕೆ ಶುರುವಾಗುವುದು ಆಗಲೇ. ತಲಾ 13 ಇಟ್ಟರೆ 104. ಹದಿನಾರು ಮಂದಿ ಉಳಿಯುತ್ತಾರೆ, ಗಾಯಾಳುಗಳ ಬದಲಿಗೆ ಅವರೇ ಆಗುತ್ತಾರೆ.

ವಿದೇಶಿ ಆಟಗಾರರಿಗೂ ಹೀಗೇ ಲೆಕ್ಕ ಹಾಕಬೇಕು. ಒಂದು ತಂಡದಲ್ಲಿ 8 ವಿದೇಶಿಯರಿದ್ದರೂ ಹನ್ನೊಂದರಲ್ಲಿ ಜಾಗ ನಾಲ್ವರಿಗೇ. ಹತ್ತು ತಂಡಕ್ಕೆ 40. ಎಂಟು ಜನರಿಗೆ ಹಂಚಿದರೆ ತಲಾ 5. ಅದನ್ನೇ ಮಿತಿ ಮಾಡಿ. ಮಿತಿಯಿಲ್ಲದೆ ಬಿಟ್ಟರೆ ಯಾರೋ ಒಬ್ಬರು ಹೆಸರಿನ ಮೋಹಕ್ಕೆ ಒಂಬತ್ತು ವಿದೇಶಿಯರನ್ನು ತುಂಬಿಕೊಂಡು, ಮೂರನೇ ವಾರಕ್ಕೆ ಅರ್ಧ ತಂಡ ಡಗ್‌ಔಟಿನಲ್ಲಿ ಕೂತಿರುತ್ತದೆ. ಕೀಪರ್ ಕನಿಷ್ಠ ಒಬ್ಬರು, ಬೌಲರ್ ಕನಿಷ್ಠ ನಾಲ್ವರು. ಪ್ರತಿ ವಾರ 13ರಲ್ಲಿ ಹೆಚ್ಚು ಅಂಕ ತೆಗೆದ 11 ಮಂದಿಯ ಅಂಕ ಮಾತ್ರ ಎಣಿಸಿ. ಹಾಗೆ ಮಾಡಿದರೆ ದಿನಾ ತಂಡ ಬದಲಿಸುವ ಕಿರಿಕಿರಿ ಇಲ್ಲ, ಮರೆತು ಸೋತೆ ಎನ್ನುವ ತಕರಾರೂ ಇಲ್ಲ.

ಸ್ನೇಕ್ ಡ್ರಾಫ್ಟ್

ಇದರ ದೊಡ್ಡ ಗುಣ ಸಮಯ. 104 ಆಯ್ಕೆ, ಒಂದಕ್ಕೆ ಒಂದು ನಿಮಿಷ, ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಮೊಬೈಲಿನಲ್ಲಿ 60 ಸೆಕೆಂಡಿನ ಅಲಾರಂ ಇಡಿ, ಅದು ಹೊಡೆದರೂ ಹೆಸರು ಬರದಿದ್ದರೆ ಆ ಸರದಿ ಮುಂದಿನವರ ನಂತರ. ಈ ಒಂದು ನಿಯಮವನ್ನು ಮೊದಲ ಸುತ್ತಿನಿಂದಲೇ ಜಾರಿ ಮಾಡಬೇಕು. ಐದನೇ ಸುತ್ತಿನಲ್ಲಿ ತಂದರೆ ಯಾರೂ ಕೇಳುವುದಿಲ್ಲ.

ದೋಷ ಸರದಿಯಲ್ಲೇ ಇದೆ. ಚೀಟಿಯಲ್ಲಿ 1 ಬಂದವರಿಗೆ ಸಿಗುವುದು 1, 16, 17, 32ನೇ ಆಯ್ಕೆ. 8 ಬಂದವರಿಗೆ 8, 9, 24, 25. ಮೊದಲನೆಯವರಿಗೆ ಆ ವರ್ಷದ ಅತ್ಯುತ್ತಮ ಆಟಗಾರ ಬರೀ ಅದೃಷ್ಟದಿಂದ ಸಿಕ್ಕಿಬಿಡುತ್ತಾನೆ, ಉಳಿದ ಏಳು ಜನ ಅವನಿಗಾಗಿ ಏನೂ ಮಾಡುವಂತಿಲ್ಲ. ಇದಕ್ಕೆ ಒಂದು ಪರಿಹಾರ ಉಂಟು: ಮೂರನೇ ಸುತ್ತನ್ನು ಮತ್ತೆ ಎಂಟನೆಯವರಿಂದಲೇ ಶುರು ಮಾಡಿ, ಅಲ್ಲಿಂದ ಮುಂದೆ ಎಂದಿನಂತೆ ತಿರುಗಿಸುವುದು. ಆಗ ಎಂಟನೆಯವರಿಗೆ 8, 9, 17, 32. ಮೊದಲನೆಯವರಿಗೆ 1, 16, 24, 25. ತಕ್ಕಡಿ ಸುಮಾರಾಗಿ ಸಮವಾಗುತ್ತದೆ. ಬೋರ್ಡಿನ ಮೇಲೆ ಪ್ರತಿ ಸುತ್ತಿನ ಪಕ್ಕ ಬಾಣದ ಗುರುತು ಹಾಕಿಡಿ, ಇಲ್ಲದಿದ್ದರೆ ಮೂರನೇ ಸುತ್ತಿನಲ್ಲಿ ಈಗ ಯಾರದ್ದು ಎಂಬ ಗೊಂದಲ ಖಂಡಿತ.

ಇನ್ನೊಂದು ಸಂಗತಿ ಕೀಪರ್‌ಗಳದ್ದು. ಒಬ್ಬರು ಕೀಪರ್ ತೆಗೆದ ಕೂಡಲೇ ಮುಂದಿನ ಮೂವರು ಹೆದರಿ ಕೀಪರ್‌ಗಳನ್ನೇ ತೆಗೆಯುತ್ತಾರೆ. ಹತ್ತು ತಂಡಕ್ಕೆ ಹತ್ತು ಖಾಯಂ ಕೀಪರ್‌ಗಳಿದ್ದಾರೆ, ಬೇಕಾಗಿರುವುದು ಎಂಟು. ಆ ಓಟದಲ್ಲಿ ಸೇರದೆ ಒಬ್ಬ ಒಳ್ಳೆಯ ಆಲ್‌ರೌಂಡರ್‌ನನ್ನು ಎತ್ತಿಕೊಳ್ಳುವುದು ಲಾಭ.

ಹರಾಜು

ಒಬ್ಬೊಬ್ಬರಿಗೆ ಲೆಕ್ಕದ 100 ಕೋಟಿ, ಮೂಲಬೆಲೆ ಎಲ್ಲರಿಗೂ 1 ಕೋಟಿ. ಇಷ್ಟರಲ್ಲಿ 13 ಮಂದಿಯ ತಂಡ ಕಟ್ಟಬೇಕು. ಇದರಲ್ಲಿ ಎಲ್ಲರೂ ಕಲಿಯಲೇಬೇಕಾದ ಒಂದು ಲೆಕ್ಕವಿದೆ: ಉಳಿದ ಜಾಗದಿಂದ ಒಂದನ್ನು ಕಳೆದು, ಬಂದದ್ದನ್ನು ಉಳಿದ ದುಡ್ಡಿನಿಂದ ಕಳೆದರೆ ಸಿಗುವುದೇ ಆ ಹೊತ್ತಿನ ಗರಿಷ್ಠ ಬಿಡ್. ಕೈಯಲ್ಲಿ 34 ಕೋಟಿ, ತುಂಬಬೇಕಾದ ಜಾಗ 7 ಎಂದಿಟ್ಟುಕೊಳ್ಳಿ. 34ರಿಂದ 6 ಕಳೆದರೆ 28. ಅದಕ್ಕಿಂತ ಹೆಚ್ಚು ಕೂಗಿದರೆ ಉಳಿದ ಆರು ಜಾಗಕ್ಕೆ ತಲಾ ಒಂದು ಕೋಟಿಯೂ ಇರುವುದಿಲ್ಲ. ಹರಾಜು ಕೆಡುವುದು ಹೆಚ್ಚಾಗಿ ಇಲ್ಲೇ. ರಾತ್ರಿ ಹತ್ತಕ್ಕೆ ಯಾರದೋ ಪರ್ಸ್ ಬರಿದಾಗಿ ತಂಡದಲ್ಲಿ ಎರಡು ಜಾಗ ಖಾಲಿ, ಆಗಲೇ ಆದ ವ್ಯಾಪಾರ ಹಿಂದೆ ತಿರುಗಿಸಲಿಕ್ಕೂ ಆಗುವುದಿಲ್ಲ. ಲೆಕ್ಕ ಬರೆಯುವವರು ಪ್ರತಿ ಮಾರಾಟದ ನಂತರ ಬೋರ್ಡಿನಲ್ಲಿ ಪ್ರತಿಯೊಬ್ಬರ ಗರಿಷ್ಠ ಬಿಡ್ ಬರೆದಿಟ್ಟರೆ ಈ ತೊಂದರೆ ಬರುವುದೇ ಇಲ್ಲ.

ಬೆಲೆಯ ಅಂದಾಜು ಬೇಕೆಂದರೆ ಒಂದು ಹೋಲಿಕೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಮೆಗಾ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋದರು. ಆಗ ತಂಡವೊಂದರ ಒಟ್ಟು ಪರ್ಸ್ 120 ಕೋಟಿ, ಅಂದರೆ ಅದರ 22.5 ಶೇಕಡಾ. ಗೆಳೆಯರ ಹರಾಜಿನಲ್ಲೂ ಒಬ್ಬನಿಗೆ 22, 23 ದಾಟಿದರೆ ಕೈ ಸುಡುತ್ತಿದೆ ಎಂದೇ ತಿಳಿಯಿರಿ. ಎಂಟು ಪರ್ಸ್ ಸೇರಿ 800 ಕೋಟಿ. ಮೊದಲ 20 ತಾರೆಯರು ಸರಾಸರಿ 22ಕ್ಕೆ ಹೋದರೆ 440 ಖಾಲಿ. ಉಳಿದ 84 ಮಂದಿಗೆ 360, ತಲೆಗೆ ನಾಲ್ಕು ಕೋಟಿ ಚಿಲ್ಲರೆ. ತಾಳ್ಮೆಯಿಂದ ಕೂತವರಿಗೆ ಲಾಭ ಸಿಗುವುದು ಆ ಎರಡನೇ ಹೊತ್ತಿನಲ್ಲಿ. ಹಾಗೆಂದು ಕೊನೆಯವರೆಗೆ ಗಂಟು ಕಟ್ಟಿಕೊಂಡು ಕೂತರೂ ನಷ್ಟವೇ, ಉಳಿದ ದುಡ್ಡಿಗೆ ಅಂಕ ಬರುವುದಿಲ್ಲ.

ನಮ್ಮೂರಿನ ಕೋಣೆಯಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಸುರತ್ಕಲ್ಲಿನ ಎನ್‌ಐಟಿಕೆ ಆವರಣದಲ್ಲಿ ಬೆಳೆದ ಕೆ.ಎಲ್. ರಾಹುಲ್ ಹೆಸರು ಬಂದರೆ ಎಂಟರಲ್ಲಿ ಆರು ಕೈ ಮೇಲೇಳುತ್ತವೆ. ಆರ್‌ಸಿಬಿ ಆಟಗಾರರಿಗೂ ಅದೇ ಕಥೆ, 2025ರಲ್ಲಿ ಕಪ್ ಗೆದ್ದ ಮೇಲಂತೂ ಕೇಳುವುದೇ ಬೇಡ. ನಿಮಗೆ ಅವರು ಬೇಡವೆಂದಾದರೆ ಹರಾಜಿಗೆ ಹೆಸರು ಎತ್ತುವ ನಿಮ್ಮ ಸರದಿಯಲ್ಲಿ ಮೊದಲೇ ಅವರ ಹೆಸರು ಎತ್ತಿ. ಬೇರೆಯವರ ಪರ್ಸ್ ಹಗುರವಾಗುತ್ತದೆ. ನಿಮಗೇ ಬೇಕೆಂದಾದರೆ ಊರಿನ ಪ್ರೀತಿಗೆ ಎರಡು ಮೂರು ಕೋಟಿ ಹೆಚ್ಚು ಕೊಡಲು ತಯಾರಿರಿ, ಅದರಲ್ಲಿ ತಪ್ಪೇನೂ ಇಲ್ಲ.

ಹೆಸರು ಎತ್ತುವ ಕ್ರಮದಲ್ಲೂ ಆಯ್ಕೆಯಿದೆ. ಎಲ್ಲ ಹೆಸರನ್ನೂ ಚೀಟಿ ಮಾಡಿ ಡಬ್ಬದಿಂದ ಎತ್ತಿದರೆ ನ್ಯಾಯವೇನೋ ಹೌದು, ಆದರೆ ಮೊದಲ ಇಪ್ಪತ್ತು ಚೀಟಿಯಲ್ಲಿ ಯಾರಿಗೂ ಬೇಡದ ಹದಿನೈದು ಮಂದಿ ಬಂದು ಹರಾಜು ಸಪ್ಪೆಯಾಗುತ್ತದೆ. ಸರದಿಯಂತೆ ಒಬ್ಬೊಬ್ಬರು ಹೆಸರು ಎತ್ತುವುದೇ ಮೇಲು. ಹೆಸರು ಎತ್ತಿದವರು 1 ಕೋಟಿಗೆ ಬಿಡ್ ಮಾಡಿದಂತೆಯೇ ಲೆಕ್ಕ, ಯಾರೂ ಏರಿಸದಿದ್ದರೆ ಆ ಆಟಗಾರ ಅವರಿಗೇ. ಈ ನಿಯಮದಿಂದ 'ಅನ್‌ಸೋಲ್ಡ್' ಎಂಬುದೇ ಇಲ್ಲವಾಗಿ ಅರ್ಧ ಗಂಟೆ ಉಳಿಯುತ್ತದೆ.

ಬಿಡ್ 10ರವರೆಗೆ ಒಂದೊಂದೇ ಕೋಟಿ, ಆಮೇಲೆ ಎರಡೆರಡು. ಆದರೆ ಯಾರದಾದರೂ ಗರಿಷ್ಠ ಬಿಡ್ ಈಗಿನ ಬೆಲೆಗಿಂತ ಒಂದೇ ಕೋಟಿ ಹೆಚ್ಚಿದ್ದರೆ ಅವರಿಗೆ ಒಂದು ಏರಿಸಲು ಬಿಡಬೇಕು. ಏಲಂ ಕೂಗುವವರು 'ಒಂದನೇ ಸಲ, ಎರಡನೇ ಸಲ, ಮೂರನೇ ಸಲ' ಎನ್ನುವುದಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಇಬ್ಬರು ಒಟ್ಟಿಗೆ ಬಿಡ್ ಮಾಡಿದರೆ ಏಲಂ ಕೂಗುವವರ ಕಣ್ಣಿಗೆ ಮೊದಲು ಬಿದ್ದವರದ್ದು, ಅದಕ್ಕೆ ಅಪೀಲು ಇಲ್ಲ. ಕೂಗುವವರು ತಾವೇ ಆಡುತ್ತಿದ್ದರೆ ಈ ಮಾತಿಗೆ ಬೆಲೆ ಬರುವುದಿಲ್ಲ, ಹೊರಗಿನವರು ಬೇಕೆನ್ನುವುದು ಅದಕ್ಕೇ. ಬಿಡ್ ಮಾಡಲು ಹಾಳೆ ತಟ್ಟೆಯ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ 1ರಿಂದ 8 ಬರೆದು ಕೊಟ್ಟುಬಿಡಿ. ಹಗುರ, ದೂರದಿಂದ ಕಾಣುತ್ತದೆ, ಮೇಜಿಗೆ ತಾಗಿದರೆ ಸದ್ದೂ ಬರುತ್ತದೆ.

ಒಬ್ಬ ಆಟಗಾರನಿಗೆ ಎರಡು ನಿಮಿಷ ಎಂದರೆ 104 ಮಂದಿಗೆ ಮೂರೂವರೆ ಗಂಟೆ, ಊಟ ಸೇರಿ ನಾಲ್ಕು. ಅಷ್ಟು ಬಿಡುವಿಲ್ಲ, ಹರಾಜೂ ಬೇಕು ಎನ್ನುವವರಿಗೆ ನಡುದಾರಿ ಇದೆ: ತಲಾ 8 ಮಂದಿಯನ್ನು ಹರಾಜಿನಲ್ಲಿ ಕೊಳ್ಳಿ, ಉಳಿದ 5 ಜಾಗಕ್ಕೆ ಸ್ನೇಕ್ ಡ್ರಾಫ್ಟ್ ಮಾಡಿ. ಪರ್ಸಿನಲ್ಲಿ ಹೆಚ್ಚು ಉಳಿದವರಿಗೆ ಡ್ರಾಫ್ಟಿನಲ್ಲಿ ಮೊದಲ ಸರದಿ. ಹಾಗೆ ಉಳಿಕೆ ದುಡ್ಡಿಗೂ ಬೆಲೆ ಬರುತ್ತದೆ, ಮೂರು ಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಗರಿಷ್ಠ ಬಿಡ್‌ನ ಲೆಕ್ಕವನ್ನು ಆಗ 8 ಜಾಗಕ್ಕೆ ಮಾತ್ರ ಹಾಕಬೇಕು, ನೆನಪಿರಲಿ.

ಬೋರ್ಡೋ, ಟಿವಿಯೋ

ಸ್ನೇಕ್ ಡ್ರಾಫ್ಟಿಗೆ ಗೋಡೆಗೆ ಅಂಟಿಸಿದ ಎರಡು ಚಾರ್ಟ್ ಪೇಪರ್ ಸಾಕು. ಅಂಟುಚೀಟಿಗಳು ಬೇಡ. ನಮ್ಮ ಕರಾವಳಿಯ ಸೆಕೆಗೆ ಫ್ಯಾನ್ ಜೋರಾಗಿ ಹಾಕಲೇಬೇಕು, ಎಂಟನೇ ಸುತ್ತಿಗೆ ಅರ್ಧ ಚೀಟಿ ನೆಲದ ಮೇಲಿರುತ್ತವೆ. ಹರಾಜಿಗೆ ಮಾತ್ರ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಎಕ್ಸೆಲ್ ತೆರೆಯುವುದೇ ಸರಿ, ಗರಿಷ್ಠ ಬಿಡ್ ತಾನಾಗಿಯೇ ಬದಲಾಗುತ್ತದೆ. ಪಕ್ಕದಲ್ಲಿ ಒಂದು ನೋಟ್‌ಪುಸ್ತಕದಲ್ಲೂ ಬರೆಯುತ್ತಿರಿ. ಕರೆಂಟು ಹೋದರೆ ಅದೇ ಗತಿ. ದುಡ್ಡಿನ ಬದಲು ಹುಣಸೆಬೀಜ ಹಂಚಿದರೆ ನೋಡಲು ಚೆಂದ, ಆದರೆ 800 ಬೀಜ ಎಣಿಸುವುದೇ ಒಂದು ಆಟವಾಗುತ್ತದೆ.

ಜಾಗ, ದಿನ, ಊಟ

ಶೀಟ್ ಹಾಕಿದ ಟೆರೇಸ್ ವಿಶಾಲವೆನ್ನುವುದು ನಿಜ. ಆದರೆ ಮಾರ್ಚ್‌ನಲ್ಲಿ ಸಂಜೆ ಆರರವರೆಗೂ ಶೀಟಿನ ಕಾವು ಇಳಿಯುವುದಿಲ್ಲ, ಕಡಲಗಾಳಿಗೆ ಕಾಗದ ಹಾರುತ್ತದೆ, ಕೂಗು ನಾಲ್ಕು ಮನೆಗೆ ಕೇಳುತ್ತದೆ. ಅದು ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ಹೊತ್ತು ಕೂಡ, ಪಕ್ಕದ ಮನೆಯ ಮಕ್ಕಳು ಓದುತ್ತಿರುತ್ತಾರೆ. ಸ್ನೇಕ್ ಡ್ರಾಫ್ಟಿಗಾದರೆ ಟೆರೇಸ್ ಆದೀತು. ಹರಾಜಿಗೆ ಬಾಗಿಲು ಹಾಕಿದ ಹಾಲ್ ಬೇಕು. ಹೋಟೆಲಿನ ಪಾರ್ಟಿ ಹಾಲ್ ತೆಗೆದುಕೊಳ್ಳುವುದಾದರೆ ನಾಲ್ಕು ಗಂಟೆ ಕೊಡುತ್ತಾರೋ, ಟಿವಿಗೆ ಲ್ಯಾಪ್‌ಟಾಪ್ ಜೋಡಿಸಬಹುದೋ ಎಂದು ಮೊದಲೇ ಕೇಳಿ.

ದಿನ ಗೊತ್ತು ಮಾಡುವಾಗ ಐಪಿಎಲ್‌ಗೆ ಮುಂಚಿನ ಕೊನೆಯ ಭಾನುವಾರವೇ ಒಳ್ಳೆಯದು, ಅಷ್ಟರಲ್ಲಿ ಗಾಯಾಳುಗಳ ಸುದ್ದಿ ಗೊತ್ತಾಗಿರುತ್ತದೆ. 2025ರಲ್ಲಿ ಮೊದಲ ಪಂದ್ಯ ಮಾರ್ಚ್ 22ರ ಶನಿವಾರವಿತ್ತು, ಅಂದರೆ 16ನೇ ತಾರೀಕು. ಆದರೆ ಅದು ಭೂತಾರಾಧನೆಯ ಕೋಲ, ನೇಮಗಳ ಕಾಲವೂ ಹೌದು. ಎಂಟು ಮನೆಯವರನ್ನೂ ಕೇಳದೆ ತಾರೀಕು ಹಾಕಿದರೆ ಇಬ್ಬರು ಬರುವುದಿಲ್ಲ. ರಂಜಾನ್ ಉಪವಾಸದಲ್ಲಿರುವ ಗೆಳೆಯರಿದ್ದರೆ ಇಫ್ತಾರ್ ಮುಗಿಸಿ ಏಳೂವರೆಗೆ ಶುರು ಮಾಡಿ. ಭಾನುವಾರದ ಬದಲು ಶುಕ್ರವಾರ ಸೇರುವಂತಾಗಿ, ಕ್ರೈಸ್ತ ಗೆಳೆಯರಿಗೆ ಈಸ್ಟರ್ ಮುಂಚಿನ ತಪಸ್ಸುಕಾಲವಾಗಿದ್ದರೆ ಮಾಂಸ ಬೇಡ.

ಆಟ ನಡೆಯುವಾಗ ಒಣ ತಿಂಡಿ ಮಾತ್ರ ಇರಲಿ: ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಕುಡಿಯಲು ಪುನರ್ಪುಳಿ ಶರಬತ್ತು. ಗೋಳಿಬಜೆ ಎಲ್ಲರಿಗೂ ಇಷ್ಟವೇ, ಆದರೆ ಎಣ್ಣೆ ಕೈಯಿಂದ ಪಟ್ಟಿಯ ಕಾಗದ ಹಾಳಾಗುತ್ತದೆ. ಅದನ್ನು ಶುರುವಿಗೆ ಮೊದಲೇ ಮುಗಿಸಿ. ಊಟಕ್ಕೆ ನೀರುದೋಸೆಯೋ ಕೋರಿರೊಟ್ಟಿಯೋ ಎಂದರೆ ಹರಾಜಿನ ದಿನ ಕೋರಿರೊಟ್ಟಿಯೇ. ನೀರುದೋಸೆಗೆ ಯಾರಾದರೂ ಒಂದು ಗಂಟೆ ಕಾವಲಿಯ ಮುಂದೆ ನಿಲ್ಲಬೇಕು, ಆ ಮನೆಯವರಿಗೆ ಹಾಗೆ ಮಾಡಬಾರದು. ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕೋಳಿ ಸಾರು ಬಿಸಿ ಮಾಡಿ ಹೊಯ್ದರೆ ಆಯಿತು. 52ನೇ ಆಟಗಾರ ಮಾರಾಟವಾದ ಕೂಡಲೇ ಅರ್ಧ ಗಂಟೆ ಬಿಡುವು ಕೊಡಿ, 104ರಲ್ಲಿ ಅದು ಸರಿಯಾಗಿ ಅರ್ಧ.

ಎಲ್ಲ ಮುಗಿದ ಮೇಲೆ ಟಿವಿ ಆರಿಸುವ ಮುಂಚೆ ಒಬ್ಬೊಬ್ಬರೂ ತಮ್ಮ 13 ಹೆಸರು, ಬೆಲೆ ಓದಿ ಹೇಳಲಿ, ಲೆಕ್ಕ ಬರೆದವರು ನೋಟ್‌ಪುಸ್ತಕದಲ್ಲಿ ಗುರುತು ಹಾಕುತ್ತ ಬರಲಿ. ಒಂದೇ ಆಟಗಾರ ಎರಡು ತಂಡದಲ್ಲಿ ಬರೆದುಹೋಗಿದ್ದರೆ ಸಿಕ್ಕುವುದು ಆಗಲೇ. ಪುಟದ ಕೆಳಗೆ ಎಂಟು ಸಹಿ, ಒಂದು ಫೋಟೋ, ಗ್ರೂಪಿಗೆ ಹಾಕಿ ಪಿನ್ ಮಾಡಿ. ಗಡ್‌ಬಡ್ ಐಸ್‌ಕ್ರೀಂ ತಿನ್ನಲು ಹೊರಡುವುದು ಅದರ ನಂತರ.