ಡಬ್ಬ ಗಟ್ಟಿ, ಎಸ್‌ಎಂಪಿಎಸ್ ಹೋದರೆ ಮಾತ್ರ ಪಜೀತಿ

ಹಾಸನದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ, ಇಷ್ಟೇ ಕೆಲಸ. ಮೂರು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಕಂಪನಿ ಸಿಸ್ಟಂ (ಬ್ರ್ಯಾಂಡೆಡ್ ಕಂಪ್ಯೂಟರ್) ಒಂದನ್ನು 14,000 ರೂಪಾಯಿಗೆ ತಂದೆ. ಯಾವುದೋ ಆಫೀಸಿನಲ್ಲಿ ದುಡಿದು ರಿಟೈರ್ ಆಗಿದ್ದು. ಎಂಟನೇ ಜನರೇಷನ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಅರ್ಧ ಗೇಣು ಅಗಲದ ತೆಳ್ಳನೆ ಡಬ್ಬ. (ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅಂತಾರೆ. ಸಿಪಿಯು ಅಂದರೆ ಒಳಗಿನ ಪ್ರೊಸೆಸರ್ ಮಾತ್ರ ಅಂತ ತಿದ್ದೋಕೆ ಹೋಗಿ ಸೋತಿದ್ದೇನೆ.)

ಮೊದಲ ಎರಡು ವರ್ಷ ಒಂದು ಮಾತೂ ಆಡುವ ಹಾಗಿರಲಿಲ್ಲ. ಸದ್ದಿಲ್ಲ, ಬಿಸಿಯಿಲ್ಲ. ಸ್ಕ್ರೂಡ್ರೈವರ್ ಇಲ್ಲದೆ ಮುಚ್ಚಳ ತೆಗೆಯಬಹುದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಡಿಡಿಆರ್4 ರ‍್ಯಾಮ್ ತಂದು ಒತ್ತಿದೆ, ಟಕ್ ಅಂತ ಕೂತಿತು. ಫೈಲುಗಳನ್ನಿಡುವ ಎಸ್‌ಎಸ್‌ಡಿಯೂ ಅಷ್ಟೇ. ಬಯೋಸ್ ಸೆಲ್ಲಂತೂ ಕೈಗಡಿಯಾರದ ಅಂಗಡಿಯಲ್ಲೇ ಸಿಕ್ಕಿತು, ಅದೇ ಸಿಆರ್2032.

ಹೋದ ವೈಶಾಖದಲ್ಲಿ, ಮದುವೆ ಸೀಸನ್ನಿನ ನಡುವೆ, ಡಬ್ಬದೊಳಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಸತ್ತಿತು. ನಮ್ಮ ಟೆಕ್ನೀಷಿಯನ್ ಹುಡುಗ ಹೊಸದೊಂದನ್ನು ಹಿಡಿದು ಬಂದ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಸುಮ್ನೆ ನೋಡಿದ. "ಸಾರ್, ಇದನ್ನ ಎಲ್ಲಿಗೆ ಚುಚ್ಚಲಿ?" ಅಂದ.

ಅವನ ಕೈಯಲ್ಲಿದ್ದದ್ದು 24 ಪಿನ್ನಿನ ಅಗಲ ಪ್ಲಗ್. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಅನ್ನುವ ಸಾಮಾನ್ಯ ಅಳತೆಯ ಸಂತತಿ. ಅಸೆಂಬಲ್ ಮಾಡಿದ ಸಿಸ್ಟಂ ಆದರೆ ಕಣ್ಣುಮುಚ್ಚಿ ಹಾಕಬಹುದು. ನನ್ನ ಮದರ್‌ಬೋರ್ಡಿನಲ್ಲಿ ಇದ್ದದ್ದು ಆರೇ ಪಿನ್ನಿನ ಪುಟ್ಟ ಸಾಕೆಟ್. ನಮ್ಮ ಡಬ್ಬದ ಒರಿಜಿನಲ್ ಎಸ್‌ಎಂಪಿಎಸ್ ಕೊಡುವುದು ಬರೀ 12 ವೋಲ್ಟ್. 5 ಮತ್ತು 3.3 ವೋಲ್ಟನ್ನು ಬೋರ್ಡೇ ಮಾಡಿಕೊಳ್ಳುತ್ತದೆ, ಎಸ್‌ಎಸ್‌ಡಿಗೆ ಕರೆಂಟೂ ಅಲ್ಲಿಂದಲೇ. ಕರೆಂಟ್ ಉಳಿಸುವ ಲೆಕ್ಕದಲ್ಲಿ ಜಾಣತನವೇ, ಇಲ್ಲ ಅನ್ನಲ್ಲ. ಆದರೆ ಅವನು ತಂದ ಪೆಟ್ಟಿಗೆ ಒಳಗೆ ಹಿಡಿಸಲೂ ಇಲ್ಲ. ಮಾಮೂಲಿಯದು 15 ಸೆಂಟಿಮೀಟರ್ ಅಗಲ, ನಮ್ಮದು ಸಪೂರ, ಉದ್ದ.

ಬೋರ್ಡು ಬಿಚ್ಚಿ ಬೇರೆ ಕ್ಯಾಬಿನೆಟ್ಟಿಗೆ ಹಾಕೋಣ ಅಂದೆ. ಮುಂದಿನ ಯುಎಸ್‌ಬಿ ಕಿಂಡಿಗಳು ಬೋರ್ಡಿಗೇ ಬೆಸೆದುಕೊಂಡಿವೆ. ಸ್ಕ್ರೂ ತೂತುಗಳ ಜಾಗವೂ ಬೇರೆ. ಹೋಗಲಿ ಬಿಡು ಅಂದೆ.

24ರಿಂದ 6 ಪಿನ್ನಿಗೆ ಬದಲಿಸುವ ಕೇಬಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಬರೋಕೆ ಐದು ದಿನ, ಬಂದರೂ ಎಸ್‌ಎಂಪಿಎಸ್ ಡಬ್ಬದ ಹೊರಗೆ ಮೇಜಿನ ಮೇಲೇ ಇರಬೇಕು. ನನ್ನ ಬಳಿ 400 ಕಾರ್ಡಿನ ಆರ್ಡರ್ ಇತ್ತು, ಹುಡುಗಿಯ ಅಪ್ಪ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಕೊನೆಗೆ ಎಸ್.ಪಿ. ರೋಡಿಗೇ ಫೋನ್ ಮಾಡಿದೆ. ಅದೇ ಮಾಡೆಲ್ಲಿನ ಸತ್ತ ಸಿಸ್ಟಂನಿಂದ ಒಂದನ್ನು ಬಿಚ್ಚಿ, 1,600 ರೂಪಾಯಿ ತಗೊಂಡು, ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು.

ಹಾಗಾದರೆ ಕೊಳ್ಳಬಾರದಾ? ಟೈಪಿಂಗ್, ಬಿಲ್ಲಿಂಗ್, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಈ ದುಡ್ಡಿಗೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ಗೇಮ್ ಆಡುವವರು ಮಾತ್ರ ಹತ್ತಿರ ಸುಳಿಯಬೇಡಿ. ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಕರೆಂಟ್ ವೈರಿಲ್ಲ, ಸ್ಲಾಟ್ ಕೊಡುವ 75 ವ್ಯಾಟಿನೊಳಗೇ ಮುಗಿಯಬೇಕು, ಕಾರ್ಡೂ ಗಿಡ್ಡದ್ದೇ ಆಗಬೇಕು. ತಗೊಳ್ಳುವ ಮುಂಚೆ ಅಂಗಡಿಯವರಿಗೆ ಮುಚ್ಚಳ ತೆಗೆಯಲು ಹೇಳಿ. ಬೋರ್ಡಿನ ಅಂಚಿನಲ್ಲಿ ಎರಡು ಸಾಲಿನ ಉದ್ದನೆ 24 ಪಿನ್ ಪ್ಲಗ್ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಒಂದು ಹಳೇ ಎಸ್‌ಎಂಪಿಎಸ್ ಚೌಕಾಸಿ ಮಾಡಿ ಜೊತೆಗೇ ತಂದಿಟ್ಟುಕೊಳ್ಳಿ.

ಆಮೇಲೆ ಫ್ಯಾನೂ ಹೋಯಿತು. ಒರಿಜಿನಲ್ಲಿಗೆ ಐದು ಪಿನ್ನು, ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ನಾಲ್ಕು. ಹುಡುಗ ಹೇಗೋ ವೈರ್ ಜೋಡಿಸಿದ, ಗಾಳಿ ಚೆನ್ನಾಗೇ ಬರ್ತಿದೆ. ಸಿಸ್ಟಂ ಮಾತ್ರ ಒಪ್ಪಲ್ಲ. ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಫ್ಯಾನ್ ಕೆಟ್ಟಿದೆ ಅನ್ನುವ ಅದರ ದೂರು ಓದಿ, ಎಫ್1 ಒತ್ತಿದ ಮೇಲೇ ನಮ್ಮ ಅಂಗಡಿ ಶುರು.